ಶಾಲೆಗೆ ವಾರಕ್ಕೊಂದು ಗಂಟೆ

ದಾವಣಗೆರೆ, ಹರಿಹರ ಸೀಮೆಯ ರೈತ ಬಂಧುಗಳಿಗೆ ನಾಟಿಯ ವಿಷಯ ಹೇಳಿಕೊಡಬೇಕಾಗಿಲ್ಲ. ನಾಲೆಯ ನೀರು ಹಾಯಿಸಿ ಭತ್ತ ನೆಟ್ಟ ಮೇಲೆ ಅಲ್ಲಲ್ಲಿ ಸಸಿ ಸಾಯುವುದುಂಟು. ಬೇಗನೆ ಬೇರೆ ಸಸಿ ಊರಿದರೆ ಗದ್ದೆ ಸಮನಾಗುತ್ತದೆ. ತಡಮಾಡಿದರೆ ಆ ಸಸಿ ಉಳಿದವುಗಳ ಸಮಕ್ಕೆ ಏಳುವುದಿಲ್ಲ. ಮಕ್ಕಳ ಓದೂ ಹೀಗೆಯೇ. ಮೂರನೆಯ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಓದಲು ಬಾರದ ಮಗು ಮುಂದಿನ ಪಾಠ ಹಿಡಿಯಲಾರದೆ ನಾಚಿ ಹಿಂದೆ ಸರಿಯುತ್ತದೆ. ಕಡೆಗೆ ಶಾಲೆಯನ್ನೇ ಬಿಟ್ಟೀತು.

ಇದು ಉಪಾಧ್ಯಾಯರೊಬ್ಬರಿಂದಲೇ ನೀಗುವ ಕೆಲಸವೆ? 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ, ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರಿರಬೇಕು. ಅವರಲ್ಲಿ ಒಬ್ಬರು ತರಬೇತಿಗೆ ಹೋದ ದಿನ ಐದು ತರಗತಿಗಳೂ ಒಬ್ಬರ ಹೆಗಲಿಗೆ ಬೀಳುತ್ತವೆ.

ಯೆಹೂದ್ಯ ಜನರು ಈ ತೊಡಕನ್ನು ಬಹು ಹಿಂದೆಯೇ ಯೋಚಿಸಿದ್ದರು. ಮೊದಲು ಅವರಲ್ಲಿ ತಂದೆಯೇ ಮಗನಿಗೆ ಪಾಠ ಹೇಳುತ್ತಿದ್ದ. ತಂದೆಯಿಲ್ಲದ ಮಗುವಿಗೆ ವಿದ್ಯೆಯೂ ಇಲ್ಲ. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಯೆಹೋಶುವ ಬೆನ್ ಗಮ್ಲ ಎಂಬ ಮಹಾಯಾಜಕನು ಊರೂರಿಗೂ ಉಪಾಧ್ಯಾಯರನ್ನು ನೇಮಿಸಿ, ಆರೇಳು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವ ಏರ್ಪಾಡು ಮಾಡಿದನೆಂದು ಅವರ ತಾಲ್ಮೂದ್ ಗ್ರಂಥ ಹೇಳುತ್ತದೆ. 25 ಮಕ್ಕಳಿಗೆ ಒಬ್ಬ ಗುರು, 50 ಆದರೆ ಇಬ್ಬರು. 40 ಇದ್ದರೆ ಗುರುವಿಗೆ ಒಬ್ಬ ಸಹಾಯಕ, ಅವನ ಖರ್ಚು ಊರಿನದು ಎಂಬ ನಿಯಮವೂ ಅದರಲ್ಲಿದೆ. ಅಂದರೆ ಕಲಿಕೆಯ ಹೊಣೆ ತಂದೆತಾಯಿಯದಷ್ಟೇ ಅಲ್ಲ, ಗುರುವಿನದಷ್ಟೇ ಅಲ್ಲ, ಇಡೀ ಊರಿನದು. ನಾವು ಕಲಿಯಬೇಕಾದ ಮಾತು ಇದೇ.

ನಮ್ಮಲ್ಲಿ ಇದಕ್ಕೆ ದಾರಿ ಆಗಲೇ ಇದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಗಳು, ಅರ್ಧದಷ್ಟು ಮಹಿಳೆಯರು ಇರಬೇಕೆಂದು 2009ರ ಕಾಯಿದೆ ಹೇಳುತ್ತದೆ. ಗೋಡೆಗೆ ಸುಣ್ಣ, ಅಂಗಳಕ್ಕೆ ಗಿಡ ಎಂದು ಶ್ರಮದಾನ ಮಾಡುವ ನಾವು ಓದಿಗೂ ಶ್ರಮದಾನ ಮಾಡೋಣ.

ಮಾಡಬೇಕಾದುದು ಹೀಗೆ:

1. ಸಮಿತಿಯ ಸಭೆಯಲ್ಲಿ ವಿಷಯ ಎತ್ತಿ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆಯಿರಿ. ಯಾವ ಮಕ್ಕಳಿಗೆ ಯಾವುದರಲ್ಲಿ ನೆರವು ಬೇಕೆಂಬುದನ್ನು ಅವರೇ ಹೇಳಲಿ.

2. ವಾರಕ್ಕೆ ಒಂದೇ ಗಂಟೆ ಕೊಡಿ, ಆದರೆ ತಪ್ಪಿಸಬೇಡಿ. ನಾಟಿ, ಕೊಯಿಲಿನ ಕಾಲದಲ್ಲಿ ಯಾರು ಬದಲಿ ಎಂಬುದನ್ನು ಮೊದಲೇ ಗೊತ್ತುಮಾಡಿ.

3. ಓದು ಬಲ್ಲವರು ನಾಲ್ಕೈದು ಮಕ್ಕಳನ್ನು ಕೂಡಿಸಿಕೊಂಡು ಗಟ್ಟಿಯಾಗಿ ಓದಿಸಲಿ. ಓದು ಬಾರದವರು ಕಥೆ, ಒಗಟು ಹೇಳಲಿ.

4. ರೈತರು ಲೆಕ್ಕ ಕಲಿಸಬಹುದು. 33 ಅಡಿ ಹಗ್ಗ ಹಿಡಿದು ಮಕ್ಕಳಿಂದಲೇ ಅಂಗಳದಲ್ಲಿ ಚೌಕ ಅಳೆಸಿರಿ. ಅದೊಂದು ಗುಂಟೆ: 1,089 ಚದರ ಅಡಿ. ಅಂಥ 40 ಸೇರಿದರೆ ಒಂದು ಎಕರೆ. ಗುಣಾಕಾರ ಕಣ್ಣಿಗೇ ಕಾಣುತ್ತದೆ.

5. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಂಥ ಕಡೆ ನೆಲೆಸಿರುವ ನಿಮ್ಮೂರಿನ ನಿವೃತ್ತರನ್ನೂ ಕಾಲೇಜು ವಿದ್ಯಾರ್ಥಿಗಳನ್ನೂ ಕರೆಯಿರಿ. ತಿಂಗಳಿಗೆ ಒಂದು ಶನಿವಾರ ಬಂದರೂ ಉಪಕಾರವೇ.

ಒಂದು ಎಚ್ಚರಿಕೆ: ಸಹಾಯಕನು ಗುರುವಿನ ಬದಲಿಯಲ್ಲ. ಖಾಲಿ ಹುದ್ದೆಯಿದ್ದರೆ ಅದನ್ನು ತುಂಬಿರೆಂದು ಕೇಳುವ ಅರ್ಜಿಯನ್ನು ಸಮಿತಿ ಬಿಡಬಾರದು. ಹಿಂದುಳಿದ ಮಗುವನ್ನು ದಡ್ಡನೆಂದು ಕರೆಯಲೂಬಾರದು.

ಸಭೆಯಲ್ಲಿ ಚರ್ಚಿಸಿ:

ನಮ್ಮ ಶಾಲೆಯಲ್ಲಿ ಮಕ್ಕಳೆಷ್ಟು, ಶಿಕ್ಷಕರೆಷ್ಟು? ಸರಾಗವಾಗಿ ಓದಲು ಬಾರದವರು ಎಷ್ಟು ಮಂದಿ? ಮುಂದಿನ ವಾರದ ಮೊದಲ ಗಂಟೆ ಯಾರದು?