ಹಲ್ಲು ಕಪ್ಪಾದರೂ ಸರಿ, ನೋವು ನಿಲ್ಲಲಿ

ವಿಶೇಷ ಅಗತ್ಯದ ಮಗುವಿರುವ ಮನೆಯಲ್ಲಿ ಹಲ್ಲಿನ ಸರದಿ ಬರುವುದು ಎಲ್ಲದರ ಕೊನೆಗೆ. ಫಿಟ್ಸ್ ಔಷಧ, ಫಿಸಿಯೋಥೆರಪಿ, ಸ್ಪೀಚ್ ಥೆರಪಿ, ವಿಕಲಚೇತನರ ಯುಡಿಐಡಿ ಗುರುತಿನ ಕಾರ್ಡು, ಸೇರಿಸಿಕೊಳ್ಳಲು ಒಪ್ಪುವ ಒಂದು ಶಾಲೆ, ಇಷ್ಟರಲ್ಲೇ ಅಪ್ಪ ಅಮ್ಮನ ರಜೆ, ಹಣ, ತ್ರಾಣ ಎಲ್ಲ ಮುಗಿದಿರುತ್ತದೆ. ನಾನೂ ಅಂಥ ತಾಯಂದಿರಲ್ಲಿ ಒಬ್ಬಳು. ಯಾರನ್ನೂ ದೂರುವುದಕ್ಕೆ ಈ ಮಾತು ಎತ್ತಿಲ್ಲ. ಹಲ್ಲು ಹುಳುಕಾಗುವ ತನಕ ಏನು ಮಾಡುತ್ತಿದ್ದಿರಿ ಎಂದು ಕೇಳುವವರಿಗೆ ನಮ್ಮ ಒಂದು ದಿನ ಹೇಗೆ ಕಳೆಯುತ್ತದೆಂದು ಗೊತ್ತಿರುವುದಿಲ್ಲ. ಆದರೂ ತಡವಾಗಿ ಕಲಿತ ಪಾಠವೊಂದನ್ನು ಹೇಳಲೇಬೇಕು. ಹುಳುಕಿಗೆ ಚಿಕಿತ್ಸೆ ಆರಿಸುವಾಗ ನಾವು ಮೊದಲು ಕೇಳುವುದು, ಹಲ್ಲು ಆಮೇಲೆ ಹೇಗೆ ಕಾಣುತ್ತದೆ ಎಂದು. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಈ ಚಿಕಿತ್ಸೆಗೆ ನನ್ನ ಮಗು ಎಷ್ಟು ಬೆಲೆ ತೆರಬೇಕು?

ಅವಧಿಗೆ ಮುನ್ನ ಹುಟ್ಟಿದ ಕೆಲವು ಮಕ್ಕಳ ಎನಾಮಲ್ ನಿಜಕ್ಕೂ ದುರ್ಬಲವಾಗಿರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಕಾಡುವುದು ಹುಳುಕಿಗಿಂತ ಹೆಚ್ಚಾಗಿ ಒಸಡಿನ ರೋಗ. ಉಳಿದಂತೆ ಹುಳುಕು ಬರುವುದು ಬಹುಪಾಲು ನಮ್ಮ ದಿನಚರಿಯಿಂದಲೇ. ಮಾತ್ರೆ ನುಂಗಲಾಗದ ಮಗುವಿಗೆ ವರ್ಷಗಟ್ಟಲೆ ಸಿಹಿ ಸಿರಪ್ಪು, ಅದೂ ಮಲಗುವ ಹೊತ್ತಿಗೆ. ಹೇಳಿದ ಕೆಲಸ ಮಾಡಿದರೆ ಒಂದು ಚಾಕೊಲೇಟು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ನಾಲಿಗೆ ಸಲೀಸಾಗಿ ಆಡುವುದಿಲ್ಲ. ಊಟ ಮುಗಿದು ಗಂಟೆಯಾದ ಮೇಲೂ ಕೆನ್ನೆಯ ಸಂದಿಯಲ್ಲಿ ಅನ್ನದ ಉಂಡೆಯೊಂದು ಮೆತ್ತಗೆ ಕೂತಿರುತ್ತದೆ. ಆಟಿಸಂ ಇರುವ ಮಗುವಿಗೆ ಬ್ರಷ್ಷಿನ ಎಳೆ ಒಸಡಿಗೆ ತಾಗುವುದೇ ಹಿಂಸೆ. ಇವು ಯಾವುವೂ ಅಪರಾಧವಲ್ಲ. ಆದರೆ ಹುಳುಕಾದ ಮೇಲೆ ಮನೆಮನೆಯಲ್ಲೂ ಕೇಳಿಬರುವ ಮಾತು, "ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡಿ" ಎಂಬುದು, ಮಾತ್ರ ಮಗುವಿಗೆ ದುಬಾರಿಯಾಗುತ್ತದೆ. ಹಾಲಿನ ದವಡೆ ಹಲ್ಲು ಬೀಳುವುದು 10ರಿಂದ 12ನೇ ವಯಸ್ಸಿಗೆ. 4ನೇ ವಯಸ್ಸಿನಲ್ಲಿ ತೂತಾದ ಹಲ್ಲು ಇನ್ನೂ 6 ವರ್ಷ ಬಾಯಲ್ಲಿರಬೇಕು. ಮಾತು ಬರುವ ಮಗು ಹಲ್ಲುನೋವು ಎನ್ನುತ್ತದೆ. ಮಾತು ಬಾರದ ಮಗು ಕೆನ್ನೆಗೆ ಹೊಡೆದುಕೊಳ್ಳುತ್ತದೆ, ಕೈ ಕಚ್ಚಿಕೊಳ್ಳುತ್ತದೆ, ರಾತ್ರಿ ಎದ್ದು ಕೂರುತ್ತದೆ, ಇದ್ದಕ್ಕಿದ್ದಂತೆ ಊಟ ಬಿಡುತ್ತದೆ. ಅದನ್ನು ನಾವು ಹಠ ಎನ್ನುತ್ತೇವೆ. ಕೆಲವೊಮ್ಮೆ ಆ ಹಠಕ್ಕೇ ಔಷಧಿಯನ್ನೂ ಕೇಳುತ್ತೇವೆ.

ಚಿಕಿತ್ಸೆ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಎರಡೇ ಚಿತ್ರ: ಕೊರೆಯುವ ಯಂತ್ರದ ಸದ್ದು, ಇಲ್ಲವೇ ಆಪರೇಷನ್ ಥಿಯೇಟರಿನಲ್ಲಿ ಪೂರ್ತಿ ಮತ್ತು ಕೊಟ್ಟು ಮಾಡುವ ಕೆಲಸ. ಇವೆರಡರ ನಡುವೆ ದೊಡ್ಡ ಜಾಗವಿದೆ. ಕೈ ಉಪಕರಣದಿಂದ ಮೆದುವಾದ ಭಾಗ ಮಾತ್ರ ಕೆರೆದು ಗ್ಲಾಸ್ ಅಯಾನೊಮರ್ ತುಂಬುವ ವಿಧಾನವಿದೆ. ಕೊರೆಯದೆ, ಸೂಜಿ ಚುಚ್ಚದೆ, ಹುಳುಕಿನ ಮೇಲೆಯೇ ಸ್ಟೀಲ್ ಟೋಪಿ ಕೂರಿಸಿ ಒಳಗಿನ ಬ್ಯಾಕ್ಟೀರಿಯಾಕ್ಕೆ ಆಹಾರ ಸಿಗದಂತೆ ಮುಚ್ಚುವ ಹಾಲ್ ವಿಧಾನವಿದೆ. ಎಲ್ಲಕ್ಕಿಂತ ಸರಳವಾದದ್ದು ಸಿಲ್ವರ್ ಡೈಅಮೈನ್ ಫ್ಲೋರೈಡ್. ತುಟಿಗೆ ವ್ಯಾಸಲೀನ್ ಸವರಿ, ಹತ್ತಿಯಿಂದ ಹಲ್ಲು ಒರೆಸಿ, ಕಡ್ಡಿಯ ತುದಿಯಷ್ಟು ಸಣ್ಣ ಬ್ರಷ್ಷಿನಲ್ಲಿ ಒಂದು ಹನಿಯನ್ನು ತೂತಿಗೆ ಮುಟ್ಟಿಸಿ, ಒಂದು ನಿಮಿಷ ಬಿಟ್ಟರೆ ಆಯಿತು. ಅಮ್ಮನ ತೊಡೆಯ ಮೇಲೆ ಮಲಗಿಕೊಂಡೇ ಮಗು ಇದನ್ನು ಮಾಡಿಸಿಕೊಳ್ಳಬಹುದು. ಅದರಲ್ಲಿರುವ ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. ವರ್ಷಕ್ಕೆ ಒಂದು ಸಲಕ್ಕಿಂತ ಎರಡು ಸಲ ಹಚ್ಚಿದರೆ ಪರಿಣಾಮ ಹೆಚ್ಚು. ಬಾಯಲ್ಲಿ ಸ್ವಲ್ಪ ಹೊತ್ತು ಲೋಹದ ರುಚಿ ಇರುತ್ತದೆ, ಚರ್ಮಕ್ಕೆ ತಾಗಿದರೆ ಒಂದೆರಡು ವಾರ ಕಲೆ ಉಳಿಯುತ್ತದೆ. ದೊಡ್ಡ ತೊಡಕು ಇನ್ನೊಂದು: ಹುಳುಕಾದ ಭಾಗ ಶಾಶ್ವತವಾಗಿ ಕಪ್ಪಾಗುತ್ತದೆ.

ಈ ಕಪ್ಪಿನ ಬಗ್ಗೆ ತಂದೆ ತಾಯಿ ಏನನ್ನುತ್ತಾರೆ ಎಂದು ನ್ಯೂಯಾರ್ಕ್ ಭಾಗದಲ್ಲಿ 120 ಪೋಷಕರನ್ನು ಕೇಳಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅದು ವಿಶೇಷ ಅಗತ್ಯದ ಮಕ್ಕಳನ್ನೇ ಕುರಿತದ್ದಲ್ಲ, ಆದರೆ ನಮ್ಮ ಮನಸ್ಸು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಿಂದಿನ ಹಲ್ಲು ಕಪ್ಪಾದರೆ ಸಹಿಸಬಹುದು ಎಂದವರು ಶೇ. 67.5, ಮುಂದಿನ ಹಲ್ಲಿಗೆ ಅದೇ ಮಾತು ಹೇಳಿದವರು ಶೇ. 29.7 ಮಾತ್ರ. ಚಿಕಿತ್ಸೆಗೆ ಪೂರ್ಣ ಅರಿವಳಿಕೆಯೇ ಬೇಕಾಗುತ್ತದೆ ಎಂಬ ಸ್ಥಿತಿಯನ್ನು ಎದುರಿಗಿಟ್ಟಾಗ ಮುಂದಿನ ಹಲ್ಲಿಗೂ ಆ ಔಷಧವನ್ನು ಒಪ್ಪುತ್ತೇವೆ ಎಂದವರು ಶೇ. 60.3ಕ್ಕೆ ಏರಿದರು. ಹಲ್ಲು ಅದೇ, ಕಪ್ಪೂ ಅದೇ. ಪಕ್ಕದಲ್ಲಿಟ್ಟ ಬೆಲೆ ಬದಲಾಯಿತು, ಅಭಿಪ್ರಾಯವೂ ಬದಲಾಯಿತು. ಹಾಗಾಗಿ ಪೋಷಕರು ಅಂದಕ್ಕೆ ಜೋತುಬಿದ್ದಿದ್ದಾರೆ, ಅವರಿಗೆ ತಿಳಿವಳಿಕೆಯಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಕಪ್ಪು ಹಲ್ಲಿನ ಫೋಟೋ ಒಂದನ್ನೇ ತೋರಿಸಿ ಬೇಕೋ ಬೇಡವೋ ಎಂದರೆ ಯಾರಾದರೂ ಬೇಡ ಎಂದೇ ಹೇಳುತ್ತಾರೆ. ಬಿಳಿ ಫಿಲ್ಲಿಂಗಿಗಾಗಿ ಬೆಳಗ್ಗೆಯಿಂದ ಉಪವಾಸ, ಕೈಗೆ ಡ್ರಿಪ್ಪು, ಥಿಯೇಟರಿನ ಬಾಗಿಲಲ್ಲಿ ಮಗುವನ್ನು ಬಿಟ್ಟುಕೊಡುವ ಗಳಿಗೆ, ಇಷ್ಟನ್ನೂ ಅದೇ ಮೇಜಿನ ಮೇಲೆ ಇಟ್ಟು ಕೇಳಿದಾಗ ಬರುವ ಉತ್ತರವೇ ನಿಜವಾದ ಒಪ್ಪಿಗೆ.

ಇದಕ್ಕೆ ಎದುರಾಗಿ ತಾಯಂದಿರು ಕೇಳುವ ಒಂದು ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಉಳಿದವರ ಮಕ್ಕಳಿಗೆ ಬಿಳಿ ಹಲ್ಲು, ನಮ್ಮ ಮಕ್ಕಳಿಗೆ ಮಾತ್ರ ಕಪ್ಪಾ? ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಜನ ಈಗಾಗಲೇ ತಿರುಗಿ ನೋಡುವ ಮಗು ಅದು. ನಕ್ಕಾಗ ಕರಿ ಹಲ್ಲೂ ಕಂಡರೆ, ಅಮ್ಮ ಹಲ್ಲನ್ನೂ ಉಜ್ಜಿಲ್ಲ ಎಂಬ ಮಾತೂ ಸೇರುತ್ತದೆ. ಈ ಸಂಕಟ ಸುಳ್ಳಲ್ಲ. ನಮ್ಮ ಮಕ್ಕಳಿಗೆ ಇಷ್ಟು ಸಾಕು ಎಂದು ಕೈತೊಳೆದುಕೊಳ್ಳುವ ಮನೋಭಾವ ವೈದ್ಯರಲ್ಲೂ ಇದೆ. ಅದರ ವಿರುದ್ಧ ಸಿಟ್ಟಾಗುವುದು ನ್ಯಾಯವೇ. ಆದರೆ ಈ ಚಿಕಿತ್ಸೆಗಳು ನಮ್ಮ ಮಕ್ಕಳಿಗೆಂದು ಪಕ್ಕಕ್ಕೆ ತೆಗೆದಿಟ್ಟ ಕೀಳು ದರ್ಜೆಯವಲ್ಲ. ಜಪಾನಿನಲ್ಲಿ ಬೆಳ್ಳಿಯ ಈ ಔಷಧ 1970ರ ಹೊತ್ತಿನಿಂದ ಬಳಕೆಯಲ್ಲಿದೆ. ಸ್ಟೀಲ್ ಟೋಪಿಯ ವಿಧಾನಕ್ಕೆ ಹೆಸರು ಬಂದದ್ದು ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಅವರಿಂದ. ಅಲ್ಲಿನ ಸಾಮಾನ್ಯ ಮಕ್ಕಳ ಬಾಯಲ್ಲೇ ಅದು ಪರೀಕ್ಷೆಗೊಳಗಾಗಿ ಗೆದ್ದಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಫ್ಲೋರೈಡ್ ಪೇಸ್ಟ್, ಗ್ಲಾಸ್ ಅಯಾನೊಮರ್, ಸಿಲ್ವರ್ ಡೈಅಮೈನ್ ಫ್ಲೋರೈಡ್ ಮೂರನ್ನೂ ಸೇರಿಸಿತು. ಕಪ್ಪಾದ ಹಲ್ಲಿನ ಮೇಲೆ, ಮಗು ಸಹಕರಿಸಿದ ದಿನ, ಗ್ಲಾಸ್ ಅಯಾನೊಮರ್ ತುಂಬಿ ಬಣ್ಣವನ್ನು ಅಷ್ಟಿಷ್ಟು ಮರೆಸುವುದಕ್ಕೂ ಆಗುತ್ತದೆ. ಸಮಾನತೆಯ ಪ್ರಶ್ನೆಯನ್ನು ಕೇಳಬೇಕಾದ ಜಾಗ ಬೇರೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ನಮ್ಮ ಮಕ್ಕಳಿಗೆ ಆಸ್ಪತ್ರೆಯಲ್ಲಿ ಆದ್ಯತೆ ಕೊಡಬೇಕು ಎನ್ನುತ್ತದೆ. ಕಾಯುವ ಕೋಣೆಯಲ್ಲಿ ಎರಡು ಗಂಟೆ ಕೂರಿಸಿ, ಮಗು ಕುಸಿದ ಮೇಲೆ ಒಳಗೆ ಕರೆದು, "ಕೋಆಪರೇಟ್ ಮಾಡಲ್ಲ" ಎಂದು ಬರೆದು ಕಳಿಸುವ ಕಡೆ ಆ ಸೆಕ್ಷನ್ನಿನ ಹೆಸರೆತ್ತಿ ಕೇಳಬೇಕು.

ಇನ್ನೊಂದು ವಾದ ವ್ಯವಹಾರದ್ದು: ಒಂದೇ ಸಲ ಮತ್ತು ಕೊಟ್ಟು ಎಲ್ಲ ಹಲ್ಲನ್ನೂ ಸರಿ ಮಾಡಿಸಿದರೆ ಮುಗಿಯಿತಲ್ಲ? ಕೆಲವು ಮಕ್ಕಳಿಗೆ ಅದೇ ಸರಿಯಾದ ದಾರಿ. ಹುಳುಕು ನರದ ತನಕ ಇಳಿದು ಕೀವಾಗಿದ್ದರೆ, ಮುಖ ಊದಿದ್ದರೆ, ಬೆಳ್ಳಿಯ ಹನಿ ಕೆಲಸಕ್ಕೆ ಬರುವುದಿಲ್ಲ, ಹಚ್ಚಲೂ ಬಾರದು. ಅರಿವಳಿಕೆಯ ಹೆಸರಿಗೇ ಬೆದರುವುದೂ ತಪ್ಪು. 3 ವರ್ಷದೊಳಗಿನ ಮಕ್ಕಳಿಗೆ ಪದೇ ಪದೇ, ಅಥವಾ 3 ಗಂಟೆಗೂ ಮೀರಿ ಅರಿವಳಿಕೆ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿತ್ತು ನಿಜ. ಚಿಕ್ಕ ಅವಧಿಯ ಒಂದು ಸಲದ ಅರಿವಳಿಕೆಗೆ ಆ ಎಚ್ಚರಿಕೆ ಅನ್ವಯಿಸುವುದಿಲ್ಲ. ಹೃದಯದ ತೊಂದರೆ ಇರುವ ಮಗುವಿಗೆ ಮಾತ್ರ ಹೃದ್ರೋಗ ವೈದ್ಯರನ್ನು ಕೇಳದೆ ಮುಂದಡಿ ಇಡಬಾರದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಆದರೆ "ಮುಗಿಯಿತು" ಎಂಬ ಮಾತನ್ನು ನಾನು ಒಪ್ಪಲಾರೆ. ಥಿಯೇಟರಿನಲ್ಲಿ ಸರಿಯಾಗುವುದು ಹಲ್ಲು. ರಾತ್ರಿಯ ಸಿರಪ್ಪು, ಕೆನ್ನೆಯ ಅನ್ನ, ಬ್ರಷ್ಷಿನ ಭಯ ಮನೆಯಲ್ಲಿ ಹಾಗೆಯೇ ಕಾದಿರುತ್ತವೆ, ಹುಳುಕು ಮರಳುತ್ತದೆ. ಅರಿವಳಿಕೆಗೆ ಪರ್ಯಾಯವೆಂದು ಕೈಕಾಲು ಅದುಮಿ ಹಿಡಿದು ಹಲ್ಲು ಕೊರೆಸುವುದು ಇನ್ನೂ ಕೆಟ್ಟದ್ದು. ಆ ಮಗು ಮುಂದೆ ಅಮ್ಮನ ಕೈಯಲ್ಲಿ ಬ್ರಷ್ ಕಂಡರೂ ಬಾಯಿ ಬಿಗಿಯುತ್ತದೆ. ಒಂದು ನಿಮಿಷದ ಹನಿಯಿಂದ ಸಿಗುವ ದೊಡ್ಡ ಲಾಭವೇ ಇದು: ಬಾಯಿ ತೆರೆದರೆ ನೋವಾಗುವುದಿಲ್ಲ ಎಂದು ಮಗುವಿಗೆ ತಿಳಿಯುತ್ತದೆ.

ಕೋಲಾರ, ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಫ್ಲೋರೈಡ್ ಎಂದರೆ ಸಹಜವಾಗಿಯೇ ಭಯ. ಕೊಳವೆಬಾವಿಯ ನೀರು ಹಲ್ಲಿಗೂ ಮೂಳೆಗೂ ಮಾಡಿದ ಹಾನಿಯನ್ನು ಅಲ್ಲಿಯ ಜನ ಕಣ್ಣಾರೆ ಕಂಡಿದ್ದಾರೆ. ಅದು ವರ್ಷಗಟ್ಟಲೆ ದಿನವೂ ಹೊಟ್ಟೆಗೆ ಹೋದದ್ದರ ಫಲ. ಆರು ತಿಂಗಳಿಗೊಮ್ಮೆ ಹಲ್ಲಿಗೆ ಮುಟ್ಟಿಸುವ ಹನಿಯನ್ನು ಅದರ ಜೊತೆ ತೂಗಲಾಗದು. ಪೇಸ್ಟಿನ ವಿಷಯದಲ್ಲಿ ಅಳತೆ ಮುಖ್ಯ: 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಉಗುಳಲು ಬಾರದ ಮಗುವಿಗೆ ದೊಡ್ಡದಾದ ಮೇಲೂ ಅಕ್ಕಿಕಾಳಿನಷ್ಟೇ ಇರಲಿ ಎಂಬುದು ನನ್ನ ಅಭಿಪ್ರಾಯ. ನಿಮ್ಮ ವೈದ್ಯರನ್ನೂ ಒಮ್ಮೆ ಕೇಳಿ.

ಇದೆಲ್ಲಕ್ಕೂ ಒಂದು ಷರತ್ತಿದೆ: ಹುಳುಕು ಚಿಕ್ಕದಿರುವಾಗಲೇ ಕಣ್ಣಿಗೆ ಬೀಳಬೇಕು. ಸಿರಪ್ಪು ಕುಡಿಸಿದ ಮೇಲೆ ಒಂದು ಗುಟುಕು ನೀರು, ಊಟವಾದ ಮೇಲೆ ಕೆನ್ನೆಯ ಸಂದಿಯಲ್ಲಿ ಬೆರಳಿಗೆ ಸುತ್ತಿದ ಒದ್ದೆ ಬಟ್ಟೆ, ಇಷ್ಟನ್ನು ದಣಿದ ದಿನವೂ ಮಾಡಬಹುದು. ವಾರಕ್ಕೊಮ್ಮೆ, ಎಣ್ಣೆ ನೀರು ಹಾಕುವಾಗ, ಮಗುವಿನ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದು ನೋಡಿ. ಹುಳುಕು ಮೊದಲು ಕಾಣುವುದು ಕಪ್ಪಾಗಿ ಅಲ್ಲ. ಒಸಡಿನ ಅಂಚಿಗೆ ಒತ್ತಿಕೊಂಡು, ಸುಣ್ಣದಿಂದ ಎಳೆದಂತೆ ಒಂದು ಬಿಳಿ ಗೆರೆ ಇರುತ್ತದೆ.