ಒಗಟಿನ ಚೆಂಡಿಗೆ ಉತ್ತರವೇನು?

೨೦೦೮ನೆಯ ಇಸವಿಯ ಜುಲೈ ೬ರಂದು ಕರಾಚಿಯಲ್ಲಿ ಏಷ್ಯಾ ಕಪ್ ಪಂದ್ಯಾವಳಿಯ ಅಂತಿಮ ಪಂದ್ಯ ನಡೆಯಿತು. ಶ್ರೀಲಂಕೆಯ ೨೭೩ ರನ್ನುಗಳನ್ನು ಬೆನ್ನಟ್ಟಿದ ಭಾರತ ತಂಡವು ೧೭೩ಕ್ಕೆ ಮುಗಿಯಿತು. ಇದಕ್ಕೆ ಮುಖ್ಯ ಕಾರಣರಾದವರು ಅಜಂತ ಮೆಂಡಿಸ್ ಎಂಬ ಹೊಸ ಬೋಲರ್. ಎಂಟು ಓವರುಗಳಲ್ಲಿ ಕೇವಲ ೧೩ ರನ್ನು ಕೊಟ್ಟು ಅವರು ಆರು ವಿಕೆಟ್‌ಗಳನ್ನು ಕೆಡವಿದರು. ಅದೇ ತಿಂಗಳು ಶ್ರೀಲಂಕೆಯಲ್ಲಿ ಆರಂಭವಾದ ಟೆಸ್ಟ್ ಸರಣಿಯ ಮೂರು ಪಂದ್ಯಗಳಲ್ಲಿ ಅವರಿಗೆ ೨೬ ವಿಕೆಟ್‌ಗಳು ದೊರೆತುವು. ಟೆಸ್ಟಿನಲ್ಲಿ ಅವರ ಮೊದಲ ಬಲಿ ನಮ್ಮ ಕರ್ನಾಟಕದ ರಾಹುಲ್ ದ್ರಾವಿಡ್. ಅಂಥ ಭದ್ರವಾದ ರಕ್ಷಣೆಯನ್ನೂ ದಾಟಿ ಚೆಂಡು ವಿಕೆಟ್ಟಿಗೆ ಬಡಿದಾಗ, ಇದೇನು ಮಾಯೆ ಎಂದು ನೋಡಿದವರು ಕೇಳಿದರು.

ಮಾಯೆಯೇನೂ ಅಲ್ಲ. ಚೆಂಡು ಯಾರ ಕೈಯಿಂದ ಹೊರಟರೂ ಚಲನೆಯ ನಿಯಮಗಳನ್ನು ಮೀರುವುದಿಲ್ಲ. ಒಗಟು ಇರುವುದು ಚೆಂಡಿನಲ್ಲಲ್ಲ, ಅದನ್ನು ಎದುರಿಸುವವನಿಗೆ ದೊರೆಯುವ ತಿಳಿವಿನ ಕೊರತೆಯಲ್ಲಿ. ಈ ಕೊರತೆಯನ್ನು ಒಂದು ತಂಡವು ಹೇಗೆ ತುಂಬಿಕೊಳ್ಳಬಹುದು, ತುಂಬುವ ತನಕ ಹೇಗೆ ಉಳಿದುಕೊಳ್ಳಬಹುದು ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಬೆರಳಿನ ಕೆಲಸ

ಸಾಮಾನ್ಯ ಸ್ಪಿನ್ ಬೋಲರನು ಚೆಂಡನ್ನು ತೋರುಬೆರಳಿನಿಂದಾಗಲಿ ಮಣಿಕಟ್ಟಿನಿಂದಾಗಲಿ ತಿರುಗಿಸುತ್ತಾನೆ. ದಾಂಡಿಗನು ಬಾಲ್ಯದಿಂದ ಇಂಥ ಸಾವಿರಾರು ಕೈಗಳನ್ನು ನೋಡಿರುತ್ತಾನೆ. ಕೈಯ ರೀತಿಗೂ ಚೆಂಡಿನ ತಿರುವಿಗೂ ಇರುವ ಸಂಬಂಧ ಅವನಿಗೆ ಅಭ್ಯಾಸವಾಗಿರುತ್ತದೆ. ಮೆಂಡಿಸ್ ಅವರ ವಿಶೇಷವೆಂದರೆ, ಅವರು ಚೆಂಡನ್ನು ಹೆಬ್ಬೆರಳಿಗೂ ಮಡಿಸಿದ ನಡುಬೆರಳಿಗೂ ನಡುವೆ ಹಿಡಿದು, ಕೇರಂ ಆಟದಲ್ಲಿ ಸ್ಟ್ರೈಕರನ್ನು ಚಿಮ್ಮುವಂತೆ ಚಿಮ್ಮುತ್ತಿದ್ದರು. ಅದಕ್ಕೆ ‘ಕೇರಂ ಚೆಂಡು’ ಎಂದೇ ಹೆಸರಾಯಿತು. ಇದರೊಂದಿಗೆ ಅವರು ಆಫ್‌ಬ್ರೇಕ್, ಗೂಗ್ಲಿ ಮೊದಲಾದವನ್ನೂ ಬೆರೆಸುತ್ತಿದ್ದುದರಿಂದ, ಯಾವ ಚೆಂಡು ಯಾವ ಕಡೆಗೆ ತಿರುಗುವುದೆಂದು ಊಹಿಸುವುದು ಕಷ್ಟವಾಯಿತು.

ಈ ಉಪಾಯ ಪೂರ್ತಿ ಹೊಸದಲ್ಲ. ಆಸ್ಟ್ರೇಲಿಯದ ಜಾಕ್ ಐವರ್ಸನ್ ಎಂಬುವರು ನಡುಬೆರಳನ್ನು ಮಡಿಸಿ ಹಿಡಿಯುವ ಇಂಥದೇ ಕ್ರಮದಿಂದ ೧೯೫೦-೫೧ರ ಸರಣಿಯಲ್ಲಿ ಇಂಗ್ಲೆಂಡಿನ ೨೧ ವಿಕೆಟ್‌ಗಳನ್ನು ಪಡೆದಿದ್ದರು.

ಕಾಲದ ಲೆಕ್ಕ

ಈಗ ದಾಂಡಿಗನಿಗೆ ಇರುವ ಕಾಲವೆಷ್ಟು ಎಂಬುದನ್ನು ನೋಡೋಣ. ಸ್ಪಿನ್ ಚೆಂಡಿನ ವೇಗ ಗಂಟೆಗೆ ೯೦ ಕಿಲೋಮೀಟರ್, ಅಂದರೆ ಸೆಕೆಂಡಿಗೆ ೨೫ ಮೀಟರ್ ಎಂದು ಇಟ್ಟುಕೊಳ್ಳೋಣ. ಬೋಲರನ ಕೈಯಿಂದ ದಾಂಡಿನವರೆಗೆ ಸುಮಾರು ೧೮ ಮೀಟರ್ ದೂರ. ಚೆಂಡು ೧೪ ಮೀಟರ್ ಸಾಗಿ ನೆಲಕ್ಕೆ ಬೀಳುವುದಾದರೆ ಅದಕ್ಕೆ ೦.೫೬ ಸೆಕೆಂಡು ಬೇಕು. ನೆಲದ ಘರ್ಷಣೆಯಿಂದ ವೇಗವು ಸೆಕೆಂಡಿಗೆ ೧೮ ಮೀಟರಿಗೆ ಇಳಿಯಿತೆನ್ನೋಣ. ಉಳಿದ ೪ ಮೀಟರಿಗೆ ೦.೨೨ ಸೆಕೆಂಡು. ಒಟ್ಟು ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು.

ಇದು ಸಾಕಷ್ಟು ಕಾಲವೆಂದು ತೋರಬಹುದು. ಆದರೆ ಕಣ್ಣು ಕಂಡದ್ದಕ್ಕೆ ಕೈ ಉತ್ತರ ಕೊಡಲು ಸುಮಾರು ೦.೨ ಸೆಕೆಂಡು ಹಿಡಿಯುತ್ತದೆ. ೧೯೮೭ರಲ್ಲಿ ಪೀಟರ್ ಮ್ಯಾಕ್‌ಲಿಯಡ್ ಎಂಬ ಮನೋವಿಜ್ಞಾನಿ, ಚಾಪೆಯ ಕೆಳಗೆ ಮರದ ಕಡ್ಡಿಗಳನ್ನಿಟ್ಟು ಚೆಂಡು ಅನಿರೀಕ್ಷಿತವಾಗಿ ತಿರುಗುವಂತೆ ಮಾಡಿ, ಟೆಸ್ಟ್ ಮಟ್ಟದ ಆಟಗಾರರನ್ನು ಪರೀಕ್ಷಿಸಿದರು. ನುರಿತ ಆಟಗಾರರಿಗೂ ಹೊಡೆತವನ್ನು ತಿದ್ದಿಕೊಳ್ಳಲು ಸುಮಾರು ಇಷ್ಟೇ ಕಾಲ ಬೇಕಾಯಿತು. ಅಂದರೆ ದೊಡ್ಡ ಆಟಗಾರನ ನರಗಳು ನಮ್ಮ ನರಗಳಿಗಿಂತ ಚುರುಕಲ್ಲ. ಅವನು ಮುಂಚಿತವಾಗಿಯೇ ತಿಳಿದುಕೊಂಡಿರುತ್ತಾನೆ, ಅಷ್ಟೆ. ಈ ಮುನ್ನರಿವನ್ನೇ ಒಗಟಿನ ಬೋಲರನು ಕಸಿದುಕೊಳ್ಳುತ್ತಾನೆ.

ಅಪಾಯದ ವಲಯ

ಚೆಂಡನ್ನು ಓದಲು ಮೂರು ತಾಣಗಳಿವೆ: ಕೈ, ಗಾಳಿ, ನೆಲ. ಕೈಯಲ್ಲಿಯೇ ಗುರುತಿಸಿದರೆ ಮುಕ್ಕಾಲು ಸೆಕೆಂಡು ಸಿಗುತ್ತದೆ. ಗಾಳಿಯಲ್ಲಿ ಹೊಲಿಗೆಯ ತಿರುಗಾಟವನ್ನೂ, ಮ್ಯಾಗ್ನಸ್ ಪರಿಣಾಮದಿಂದ ಚೆಂಡು ಪಕ್ಕಕ್ಕೆ ಸರಿಯುವುದನ್ನೂ ಗಮನಿಸಿದರೆ ಅದರ ಅರ್ಧದಷ್ಟಾದರೂ ದಕ್ಕುತ್ತದೆ. ಎರಡೂ ತಪ್ಪಿದರೆ ನೆಲವೇ ಗತಿ. ಈ ಕೊನೆಯ ಸ್ಥಿತಿಯಲ್ಲಿ ದಾಂಡಿಗನನ್ನು ಕಾಪಾಡುವುದು ರೇಖಾಗಣಿತ.

ನೆಲಕ್ಕೆ ಬಿದ್ದ ಚೆಂಡು ಎಡಕ್ಕೋ ಬಲಕ್ಕೋ ೩ ಡಿಗ್ರಿ ತಿರುಗುತ್ತದೆ, ಯಾವ ಕಡೆಗೆಂದು ತಿಳಿಯದು ಎಂದು ಭಾವಿಸೋಣ. ಬಿದ್ದ ಸ್ಥಳದಿಂದ ೩.೫ ಮೀಟರ್ ಸಾಗುವಷ್ಟರಲ್ಲಿ ಅದು ಸುಮಾರು ೧೮ ಸೆಂಟಿಮೀಟರ್ ಸರಿದಿರುತ್ತದೆ. ಅರ್ಧ ಮೀಟರಿನಲ್ಲಾದರೆ ಕೇವಲ ೨.೬ ಸೆಂಟಿಮೀಟರ್. ದಾಂಡಿನ ಅಗಲ ಹೆಚ್ಚೆಂದರೆ ೧೦.೮ ಸೆಂಟಿಮೀಟರ್, ಅಂದರೆ ನಡುರೇಖೆಯಿಂದ ಎರಡು ಕಡೆಗೂ ೫.೪ ಸೆಂಟಿಮೀಟರ್. ಹೀಗಾಗಿ ಕಾಲನ್ನು ಮುಂದಿಟ್ಟು ಚೆಂಡು ಬಿದ್ದ ಜಾಗದ ಹತ್ತಿರವೇ ಅದನ್ನು ತಡೆದರೆ, ಅದು ಯಾವ ಕಡೆಗೆ ತಿರುಗಿದರೂ ದಾಂಡಿಗೇ ತಗಲುತ್ತದೆ. ಉತ್ತರ ಗೊತ್ತಿಲ್ಲದಿದ್ದರೂ ಪ್ರಶ್ನೆಯೇ ಅನಾವಶ್ಯಕವಾಗುತ್ತದೆ!

ಎರಡನೆಯ ದಾರಿ, ಪೂರ್ತಿ ಹಿಂದಕ್ಕೆ ಸರಿಯುವುದು. ಚೆಂಡು ದಾಂಡಿನಿಂದ ೫ ಮೀಟರ್ ದೂರದಲ್ಲಿ ಬಿದ್ದರೆ ೦.೨೮ ಸೆಕೆಂಡು ಸಿಗುತ್ತದೆ. ಅದರಲ್ಲಿ ೦.೨ ಕಳೆದರೂ ಮಣಿಕಟ್ಟನ್ನು ತುಸು ತಿರುಗಿಸಿಕೊಳ್ಳಲು ಎಡೆಯಿದೆ. ಇವೆರಡರ ನಡುವೆ, ಎಂದರೆ ಸುಮಾರು ಒಂದರಿಂದ ಮೂರೂವರೆ ಮೀಟರಿನವರೆಗೆ ಇರುವುದು ಅಪಾಯದ ವಲಯ. ಅಲ್ಲಿ ತಿರುವು ದಾಂಡನ್ನು ಮೀರುವಷ್ಟು ದೊಡ್ಡದು, ಕಾಲವು ತಿದ್ದಿಕೊಳ್ಳಲಾಗದಷ್ಟು ಚಿಕ್ಕದು. ಗಾಬರಿಯಾದ ದಾಂಡಿಗನು ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ ಗೆರೆಯಲ್ಲೇ ನಿಲ್ಲುತ್ತಾನೆ. ಅವನು ತಾನಾಗಿಯೇ ಈ ವಲಯಕ್ಕೆ ಸಿಕ್ಕಿಬೀಳುತ್ತಾನೆ. ಚೆಂಡಿನ ವೇಗ ಹೆಚ್ಚಿದಷ್ಟೂ ಈ ವಲಯ ವಿಸ್ತಾರವಾಗುತ್ತದೆ. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರು ಲೆಗ್‌ಬ್ರೇಕನ್ನೂ ಗೂಗ್ಲಿಯನ್ನೂ ಬಹು ವೇಗವಾಗಿ ಎಸೆಯುತ್ತಿದ್ದುದನ್ನು ನೆನೆದರೆ, ೧೯೭೧ರಲ್ಲಿ ಓವಲ್ ಮೈದಾನದಲ್ಲಿ ಅವರು ೩೮ ರನ್ನಿಗೆ ೬ ವಿಕೆಟ್ ಪಡೆದದ್ದರ ರಹಸ್ಯ ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ಮುಚ್ಚಿಹೋದ ಒಂದು ದಾರಿ

ಹಿಂದೆ ಇನ್ನೊಂದು ಉಪಾಯವಿತ್ತು. ವೆಸ್ಟ್ ಇಂಡೀಸಿನ ಸನ್ನಿ ರಾಮಧಿನ್ ೧೯೫೦ರಲ್ಲಿ ಇಂಗ್ಲೆಂಡನ್ನು ಕಂಗೆಡಿಸಿದ್ದರು. ೧೯೫೭ರಲ್ಲಿ ಎಜ್‌ಬಾಸ್ಟನ್ನಿನ ಮೊದಲ ಸರದಿಯಲ್ಲಿಯೂ ೪೯ ರನ್ನಿಗೆ ೭ ವಿಕೆಟ್ ಪಡೆದರು. ಎರಡನೆಯ ಸರದಿಯಲ್ಲಿ ಪೀಟರ್ ಮೇ ಮತ್ತು ಕಾಲಿನ್ ಕೌಡ್ರಿ ಮುಂಗಾಲನ್ನು ಉದ್ದಕ್ಕೆ ಚಾಚಿ, ಚೆಂಡನ್ನು ಪ್ಯಾಡಿನಿಂದಲೇ ತಡೆಯುತ್ತ ೪೧೧ ರನ್ನುಗಳ ಜೊತೆಯಾಟವಾಡಿದರು. ರಾಮಧಿನ್ ಆ ಸರದಿಯಲ್ಲಿ ೯೮ ಓವರುಗಳನ್ನು ಎಸೆದು ದಣಿದರು. ದೊರೆತದ್ದು ಎರಡೇ ವಿಕೆಟ್. ಈಗ ಈ ದಾರಿ ಬಹುಮಟ್ಟಿಗೆ ಮುಚ್ಚಿದೆ. ದಾಂಡಿನಿಂದ ಆಡಲು ಯತ್ನಿಸದೆ ಪ್ಯಾಡನ್ನು ಒಡ್ಡಿದರೆ, ಚೆಂಡು ಆಫ್‌ಸ್ಟಂಪಿನ ಹೊರಗೆ ತಗಲಿದರೂ ಎಲ್‌ಬಿಡಬ್ಲ್ಯು ಕೊಡಬಹುದೆಂದು ನಿಯಮ ಬದಲಾಯಿತು. ಅಲ್ಲದೆ ಚೆಂಡಿನ ದಾರಿಯನ್ನು ಕ್ಯಾಮೆರಾಗಳಿಂದ ಲೆಕ್ಕಹಾಕಿ ತೀರ್ಪನ್ನು ಪರಿಶೀಲಿಸುವ ಪದ್ಧತಿಯೂ ಬಂದಿದೆ. ಟೆಸ್ಟಿನಲ್ಲಿ ಅದರ ಮೊದಲ ಪ್ರಯೋಗ ನಡೆದುದು ೨೦೦೮ರ ಆ ಭಾರತ–ಶ್ರೀಲಂಕಾ ಸರಣಿಯಲ್ಲಿಯೇ. ಆದಕಾರಣ ಕಾಲು ಮುಂದೆ ಹೋಗಬೇಕು, ಆದರೆ ದಾಂಡು ಕಾಲಿಗಿಂತ ಮುಂದಿರಬೇಕು.

ತಂಡವು ಮಾಡಬೇಕಾದ ಕೆಲಸ

ಮೇಲಿನದು ಒಬ್ಬನ ರಕ್ಷಣೆಯಾಯಿತು. ಒಗಟನ್ನು ಬಿಡಿಸುವುದು ತಂಡದ ಕೆಲಸ. ಒಬ್ಬ ಬೋಲರನು ನೂರು ಚೆಂಡುಗಳಲ್ಲಿ ೮೦ ಆಫ್‌ಬ್ರೇಕ್, ೨೦ ಕೇರಂ ಚೆಂಡು ಎಸೆಯುತ್ತಾನೆಂದು ಕಲ್ಪಿಸೋಣ. ಏನೂ ತಿಳಿಯದಿದ್ದಾಗ ಮುಂದಿನದು ಕೇರಂ ಚೆಂಡಾಗುವ ಸಂಭವ ನೂರಕ್ಕೆ ೨೦. ಚಲನಚಿತ್ರವನ್ನು ನಿಧಾನಗತಿಯಲ್ಲಿ ನೋಡಿದಾಗ, ಓಟದ ಕೊನೆಯಲ್ಲಿ ಬೆರಳು ಮಡಿಸುವ ಒಂದು ಗುರುತು ಕಂಡಿತೆನ್ನಿ. ಆ ಗುರುತು ೨೦ ಕೇರಂ ಚೆಂಡುಗಳಲ್ಲಿ ೧೫ಕ್ಕೂ, ೮೦ ಆಫ್‌ಬ್ರೇಕುಗಳಲ್ಲಿ ೮ಕ್ಕೂ ಕಾಣುತ್ತದೆ. ಹಾಗಾದರೆ ಗುರುತು ಕಂಡ ೨೩ ಸಲದಲ್ಲಿ ೧೫ ಸಲ ಅದು ಕೇರಂ ಚೆಂಡೇ. ಸಂಭವವು ೨೦ರಿಂದ ೬೫ಕ್ಕೆ ಏರಿತು! ಗುರುತು ಪೂರ್ಣವಾಗಿ ನಂಬತಕ್ಕದ್ದಲ್ಲದಿದ್ದರೂ ಅದರಿಂದಾಗುವ ಲಾಭ ದೊಡ್ಡದೆಂಬುದನ್ನು ವಾಚಕರು ಗಮನಿಸಬೇಕು.

ಹೀಗೆ ಚಿತ್ರಗಳನ್ನು ಅಭ್ಯಸಿಸುವುದು, ಅದೇ ಹಿಡಿತವನ್ನು ಅನುಕರಿಸುವ ಬೋಲರನನ್ನು ಅಭ್ಯಾಸದಲ್ಲಿ ಎದುರಿಸುವುದು ತಂಡದ ಮೊದಲ ಕರ್ತವ್ಯ. ಚೆಂಡೆಸೆಯುವ ಯಂತ್ರದಿಂದ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ, ಯಂತ್ರಕ್ಕೆ ಬೆರಳುಗಳಿಲ್ಲ. ಎಡಗೈ ದಾಂಡಿಗನನ್ನು ಬಲಗೈಯವನೊಂದಿಗೆ ಜೋಡಿಸಿ ಒಂಟಿ ರನ್ನುಗಳನ್ನು ಕದಿಯುವುದು ಎರಡನೆಯದು. ಬಲಗೈಯವನಿಂದ ಹೊರಕ್ಕೆ ತಿರುಗುವ ಚೆಂಡು ಎಡಗೈಯವನಿಗೆ ಒಳಕ್ಕೆ ಬರುವುದರಿಂದ, ಬೋಲರನು ಮತ್ತೆ ಮತ್ತೆ ತನ್ನ ಗುರಿಯನ್ನು ಬದಲಿಸಬೇಕಾಗುತ್ತದೆ. ಮೂರನೆಯದು ತಾಳ್ಮೆ. ಒಂದು ದಿನದ ಪಂದ್ಯದ ೫೦ ಓವರುಗಳಲ್ಲಿ ಅವನಿಗೆ ಸಲ್ಲುವುದು ಹತ್ತೇ. ಉಳಿದ ನಾಲ್ವತ್ತರಲ್ಲಿ ರನ್ನು ಗಳಿಸಬಹುದು.

ಕಾಲವು ಯಾರ ಪಕ್ಷ ಎಂಬುದನ್ನು ಅಂಕಿಗಳೇ ಹೇಳುತ್ತವೆ. ೨೦೦೮ರ ಆ ಸರಣಿಯಲ್ಲಿ ಮೆಂಡಿಸ್ ಪ್ರತಿ ವಿಕೆಟ್ಟಿಗೆ ೧೮.೩೮ ರನ್ನು ಕೊಟ್ಟರು. ಆಗಲೂ ಗಾಲೆಯಲ್ಲಿ ವೀರೇಂದ್ರ ಸೆಹವಾಗ್ ತಂಡದ ೩೨೯ರಲ್ಲಿ ೨೦೧ ರನ್ನುಗಳನ್ನು ಒಬ್ಬರೇ ಗಳಿಸಿ ಅಜೇಯರಾಗಿ ಉಳಿದರು. ಮೆಂಡಿಸ್ ಅವರ ೧೯ ಟೆಸ್ಟುಗಳ ಒಟ್ಟು ಫಲ ೭೦ ವಿಕೆಟ್, ಸರಾಸರಿ ೩೪.೭೭. ಮೊದಲ ಸರಣಿಯನ್ನು ಕಳೆದರೆ, ಉಳಿದ ೪೪ ವಿಕೆಟ್‌ಗಳಿಗೆ ಸರಾಸರಿ ೪೪ನ್ನು ಮೀರುತ್ತದೆಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಒಗಟು ಬಿಟ್ಟುಹೋದ ಮೇಲೆ ಬೋಲರನನ್ನು ಕಾಯುವುದು ತಿರುವಿನ ಬಲ ಮತ್ತು ಗುರಿಯ ನಿಖರತೆ ಮಾತ್ರ. ಉದಯೋನ್ಮುಖ ಬೋಲರನೂ ಇದನ್ನು ಮರೆಯಲಾಗದು.

ಒಂದು ಪ್ರಯೋಗ

ವಿದ್ಯಾರ್ಥಿಗಳು ತಮ್ಮ ಪ್ರತಿಕ್ರಿಯೆಯ ಕಾಲವನ್ನು ತಾವೇ ಅಳೆಯಬಹುದು. ಗೆಳೆಯನೊಬ್ಬನು ೩೦ ಸೆಂಟಿಮೀಟರಿನ ಅಳತೆಪಟ್ಟಿಯನ್ನು ನೇರವಾಗಿ ತೂಗಹಿಡಿಯಲಿ. ಅದರ ಸೊನ್ನೆಯ ತುದಿಯ ಇಕ್ಕೆಲದಲ್ಲಿ, ಮುಟ್ಟದಂತೆ, ನಿಮ್ಮ ಹೆಬ್ಬೆರಳನ್ನೂ ತೋರುಬೆರಳನ್ನೂ ಇಡಿ. ಅವನು ಸೂಚನೆ ಕೊಡದೆ ಪಟ್ಟಿಯನ್ನು ಬಿಡಲಿ, ನೀವು ಹಿಡಿಯಿರಿ. ಪಟ್ಟಿ ಜಾರಿದ ದೂರವನ್ನು ಮೀಟರಿನಲ್ಲಿ ಬರೆದು, ಇಮ್ಮಡಿಸಿ, ೯.೮ರಿಂದ ಭಾಗಿಸಿ, ವರ್ಗಮೂಲವನ್ನು ತೆಗೆದರೆ ಕಾಲವು ಸೆಕೆಂಡಿನಲ್ಲಿ ದೊರೆಯುತ್ತದೆ. ದೂರವು ೨೦ ಸೆಂಟಿಮೀಟರಾದರೆ ಕಾಲವು ೦.೨ ಸೆಕೆಂಡು. ಅನಂತರ ಗೆಳೆಯನು ‘ಒಂದು, ಎರಡು, ಮೂರು’ ಎಂದು ಎಣಿಸಿ ಬಿಡಲಿ. ಪಟ್ಟಿ ಎಷ್ಟು ಕಡಮೆ ಜಾರುವುದೆಂಬುದನ್ನು ನೋಡಿ. ಬೆರಳುಗಳು ಅವೇ, ಹೆಚ್ಚಿದ್ದು ಮುನ್ನರಿವು ಮಾತ್ರ.