ಜೇನಿಗೆ ಯಾವ ಗಿಡ ನೆಡೋಣ?

ಚೀನಿಕಾಯಿ ಬಳ್ಳಿಯಲ್ಲಿ ಎರಡು ಬಗೆಯ ಹೂಗಳಿರುವುದನ್ನು ನೀವು ನೋಡಿರಬಹುದು. ಒಂದು ಬರೀ ತೊಟ್ಟಿನ ಮೇಲೆ ನಿಂತಿರುತ್ತದೆ, ಅದು ಗಂಡು. ಇನ್ನೊಂದರ ಕೆಳಗೆ ಗೋಲಿಯಷ್ಟು ದೊಡ್ಡ ಕಾಯಿ ಮೊದಲೇ ಉಂಟು, ಅದು ಹೆಣ್ಣು. ಕಳೆದ ವರ್ಷ ನಮ್ಮ ಶಾಲೆಯ ತರಕಾರಿ ತೋಟದಲ್ಲಿ ಇಂಥ ಗೋಲಿಗಳು ಸಾಲಾಗಿ ಬಂದವು. ಮಧ್ಯಾಹ್ನದ ಸಾಂಬಾರಿಗೆ ಇನ್ನು ಚೀನಿಕಾಯಿ ಕೊಳ್ಳುವುದು ಬೇಡ ಅಂತ ಅಡುಗೆಯ ಅಕ್ಕ ಹೇಳಿಯೂ ಆಗಿತ್ತು. ನಾಲ್ಕೈದು ದಿನದಲ್ಲಿ ಗೋಲಿಗಳೆಲ್ಲ ಹಳದಿಯಾಗಿ ಒಂದೊಂದೇ ಉದುರಿದವು. ಗೊಬ್ಬರ ಸಾಲದು ಅಂತ ಮಕ್ಕಳು ಸೆಗಣಿ ನೀರು ಹೊಯ್ದರು. ಆಮೇಲೂ ಉದುರಿದವು.

ಕೊರತೆ ಗೊಬ್ಬರದ್ದಲ್ಲ. ಚೀನಿಕಾಯಿಯ ಪರಾಗ ದಪ್ಪ, ಅಂಟು; ಗಾಳಿಗೆ ಹಾರುವುದಿಲ್ಲ. ಗಂಡು ಹೂವಿನಿಂದ ಹೆಣ್ಣು ಹೂವಿಗೆ ಅದನ್ನು ಹೊತ್ತುಕೊಂಡು ಹೋಗಲು ಒಂದು ಕೀಟ ಬೇಕೇ ಬೇಕು. ಈ ಹೂ ಬೆಳಕು ಹರಿಯುವಾಗ ಅರಳಿ, ಬಿಸಿಲು ಏರಿದ ಹಾಗೆ ಬಾಡುತ್ತದೆ. ಹತ್ತು ಗಂಟೆಗೆ ನಮ್ಮ ಬೆಲ್ ಹೊಡೆಯುವಾಗ ಹೂ ಮುದುಡಿಯಾಗಿರುತ್ತದೆ. ಹಾಗಾಗಿ ಅಲ್ಲಿಗೆ ಜೇನು ಬರುತ್ತದೋ ಇಲ್ಲವೋ ಎಂದು ನಾವು ಯಾರೂ ನೋಡಿಯೇ ಇರಲಿಲ್ಲ. ಒಂದು ದಿನ ಏಳು ಗಂಟೆಗೇ ಹೋಗಿ ಬಳ್ಳಿಯ ಹತ್ತಿರ ಕೂತೆ. ಅರ್ಧ ಗಂಟೆಯಲ್ಲಿ ಇರುವೆ ಬಿಟ್ಟು ಬೇರೇನೂ ಕಾಣಲಿಲ್ಲ.

ಇದರಲ್ಲಿ ನನ್ನ ತಪ್ಪೂ ಉಂಟು. ಶಾಲೆಯ ಮುಂದೆ ಹೂದೋಟ ಮಾಡುವಾಗ ನರ್ಸರಿಯಿಂದ ಗಿಡ ಆರಿಸಿ ತಂದವನು ನಾನೇ. ಬೋಗನ್‌ವಿಲ್ಲಾ, ಕ್ರೋಟನ್, ಎಸಳು ತುಂಬಿದ ದಾಸವಾಳ, ದೊಡ್ಡ ಗೊಂಡೆ. ನೋಡಲು ಬಹಳ ಚಂದ. ಆದರೆ ಹೊಟ್ಟೆ ಹಸಿದ ಜೇನಿಗೆ ಅಲ್ಲಿ ಏನುಂಟು?

ಒಂದು ತುಂಬೆಸಳಿನ ದಾಸವಾಳವನ್ನು ಬಿಡಿಸಿ ನೋಡಿ. ಕೇಸರಗಳು ಇರಬೇಕಾದಲ್ಲಿ ಎಸಳುಗಳೇ ಇರುತ್ತವೆ. ಮನುಷ್ಯ ಚಂದಕ್ಕೆ ಬೇಕೆಂದು ಆರಿಸುತ್ತ ಬಂದಾಗ ಕೇಸರವೇ ಎಸಳಾಗಿ ಮಾರ್ಪಟ್ಟಿತು. ಕೇಸರ ಇಲ್ಲದಿದ್ದರೆ ಪರಾಗವೂ ಇಲ್ಲ. ಚೆಂಡಿನ ಹಾಗೆ ಉಬ್ಬಿದ ಗೊಂಡೆಯ ಕತೆಯೂ ಹೆಚ್ಚುಕಡಿಮೆ ಇದೇ. ಬೋಗನ್‌ವಿಲ್ಲಾದ ಬಣ್ಣದ ಭಾಗ ಹೂವೇ ಅಲ್ಲ, ಎಲೆಯ ಇನ್ನೊಂದು ರೂಪ. ನಡುವಿನ ಸಣ್ಣ ಬಿಳಿ ಕೊಳವೆ ಮಾತ್ರ ಹೂ.

ಕೇಪಳದ ಹೂ ಕಿತ್ತು ಬುಡದಿಂದ ಸಿಹಿ ಹೀರದ ಮಕ್ಕಳು ನಮ್ಮಲ್ಲಿ ಇರಲಿಕ್ಕಿಲ್ಲ. ಅದರಲ್ಲಿ ಮಕರಂದ ಉಂಟು, ನಿಜ. ಆದರೆ ಆ ಕೊಳವೆಯನ್ನು ಸ್ಕೇಲಿನಿಂದ ಅಳೆಯಿರಿ, ಮೂರು ಸೆಂಟಿಮೀಟರ್ ಆಸುಪಾಸು ಬರುತ್ತದೆ. ನಮ್ಮ ಪೆಟ್ಟಿಗೆಯ ಜೇನಿನ ನಾಲಿಗೆ ಸುಮಾರು ಅರ್ಧ ಸೆಂಟಿಮೀಟರ್. ತಳಕ್ಕೆ ಮುಟ್ಟುವುದೇ ಇಲ್ಲ. ಅದು ಚಿಟ್ಟೆಗೆ ಹೇಳಿ ಮಾಡಿಸಿದ ಪಾತ್ರೆ. ಚಿಟ್ಟೆ ಬೇಕಾದರೆ ಕೇಪಳ ನೆಡಿ. ಜೇನು ಬೇಕಾದರೆ ಎಸಳು ಒಂದೇ ಸುತ್ತು ಇರುವ, ನಡುವೆ ಪರಾಗ ಕಣ್ಣಿಗೆ ಕಾಣುವ, ಗಿಡ್ಡ ಕೊಳವೆಯ ಹೂ ಆರಿಸಿ.

ಬಣ್ಣವೂ ಮುಖ್ಯ. ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ ಬಣ್ಣದ ಕಾಗದಗಳ ಮೇಲೆ ಸಕ್ಕರೆ ನೀರಿಟ್ಟು ಜೇನುಗಳನ್ನು ಪಳಗಿಸಿದರು. ನೀಲಿಯನ್ನು, ಹಳದಿಯನ್ನು ಅವು ಸುಲಭವಾಗಿ ಗುರುತಿಸಿದವು. ಕೆಂಪನ್ನು ಮಾತ್ರ ಕಪ್ಪಿನಿಂದ ಬೇರೆ ಮಾಡಿ ತಿಳಿಯಲು ಆಗಲಿಲ್ಲ. ಜೇನುಗಳ ಕುರಿತಾದ ಜೀವಮಾನದ ಕೆಲಸಕ್ಕಾಗಿ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇನ್ನು ಕಾಸರಗೋಡಿನ ವಿಷಯಕ್ಕೆ ಬರೋಣ. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಗೆಯಲ್ಲಿ ಜೇನಿಗೆ ಊಟದ ಚಿಂತೆ ಇಲ್ಲ. ಗೇರು, ನೇರಳೆ, ಹೊಂಗೆ ಒಂದರ ಹಿಂದೆ ಒಂದು ಹೂ ಬಿಡುತ್ತವೆ. ರಬ್ಬರಿನಲ್ಲಂತೂ ಹೊಸ ಎಲೆಯ ಮೂರು ದಳ ಸೇರುವಲ್ಲಿಯೇ ಮಕರಂದ ಒಸರುತ್ತದೆ. ಮಳೆ ಹಿಡಿದ ಮೇಲೆ ಎಲ್ಲವೂ ನಿಂತಿತು. ಆಟಿ ತಿಂಗಳು ಹಿಂದೆ ಮನುಷ್ಯರಿಗೆ ಹೇಗೆ ಕಷ್ಟದ ತಿಂಗಳಾಗಿತ್ತೋ ಜೇನಿಗೆ ಈಗಲೂ ಹಾಗೆಯೇ. ಜೇನು ಸಾಕುವವರು ಆಗ ಪೆಟ್ಟಿಗೆಯೊಳಗೆ ಸಕ್ಕರೆ ಪಾಕ ಇಡುತ್ತಾರೆ. ಗೋಡೆಯ ಸಂದಿನ ಮುಜಂಟಿಗೆ, ಮರದ ಪೊಟರೆಯ ಜೇನಿಗೆ ಯಾರು ಇಡುತ್ತಾರೆ?

ಹಾಗಾದರೆ ನಮ್ಮ ಲೆಕ್ಕ ಹೀಗಿರಬೇಕು: ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಮನೆ ಬರೆಯಿರಿ, ನಿಮ್ಮ ಹಿತ್ತಿಲಲ್ಲಿ ಆಯಾ ತಿಂಗಳು ಅರಳುವುದನ್ನು ತುಂಬಿಸಿ, ಖಾಲಿ ಉಳಿದ ಮನೆಗಾಗಿ ಗಿಡ ಹುಡುಕಿ. ತೆಂಗು ಇದ್ದರೆ ಯಾವ ಮನೆಯೂ ಪೂರ್ತಿ ಖಾಲಿಯಲ್ಲ, ವರ್ಷವಿಡೀ ಹೊಸ ಹಿಂಗಾರ ಬಿಡುತ್ತಲೇ ಇರುತ್ತದೆ. ತುಳಸಿ, ಕಾಮಕಸ್ತೂರಿಯ ಒಣಗಿದ ಕದಿರು ಚಿವುಟುತ್ತ ಬಂದರೆ ಮತ್ತೆ ಮತ್ತೆ ಹೂ ಬರುತ್ತದೆ. ಕದಿರು ಬಂದ ಕೂಡಲೇ ಎಲ್ಲವನ್ನೂ ಚಿವುಟಬೇಡಿ, ಹೂ ಮುಗಿಯಲಿ. ಕರ್ಣಕುಂಡಲ ಮಳೆಗಾಲದ್ದೇ ಹೂ. ಒಂಟಿ ಎಸಳಿನದನ್ನು ನೆಡಿ. ಮಳೆ ಮುಗಿದ ಮೇಲೆ ಕಾಸ್ಮಾಸ್, ಸೂರ್ಯಕಾಂತಿ, ನುಗ್ಗೆ. ಒಂಟಿ ಎಸಳಿನ ಹತ್ತು ಗಂಟೆ ಹೂ ನನಗೆ ಬಹಳ ಇಷ್ಟ, ನಮ್ಮ ಬೆಲ್ಲಿನ ಹೊತ್ತಿಗೇ ಅರಳುತ್ತದೆ! ಬಿಸಿಲಿದ್ದ ದಿನ ಅದರ ಹತ್ತಿರ ಬಗ್ಗಿ ನೋಡಿದರೆ ಮುಜಂಟಿಗಳ ಹಿಂಗಾಲಿನಲ್ಲಿ ಹಳದಿ ಪರಾಗದ ಮುದ್ದೆ ಕಾಣುತ್ತದೆ. ಒಂದೊಂದು ಗಿಡವನ್ನು ಅಲ್ಲಲ್ಲಿ ನೆಡುವುದಕ್ಕಿಂತ ಒಂದೇ ಜಾತಿಯದ್ದನ್ನು ಒತ್ತಾಗಿ ಒಂದು ಕಡೆ ನೆಟ್ಟರೆ ಜೇನಿಗೆ ಅಲೆದಾಟ ಕಡಿಮೆ. ಮಳೆ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಅದು ಕೆಲಸ ಮುಗಿಸಬೇಕಲ್ಲ.

ಎಲ್ಲ ಕೆಲಸವೂ ಪೆಟ್ಟಿಗೆಯ ಜೇನಿನದ್ದಲ್ಲ. ಬದನೆಯ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದ ಉದುರಬೇಕು, ಅದಕ್ಕೆ ಹೂವನ್ನು ಅಲುಗಿಸಬೇಕು. ಹೊಟ್ಟೆಯಲ್ಲಿ ನೀಲಿ ಪಟ್ಟೆಗಳಿರುವ ಒಂಟಿ ಜೇನೊಂದು ಹೂವನ್ನು ಹಿಡಿದು ಝುಂಯ್ ಎಂದು ನಡುಗಿಸಿ ಪರಾಗ ಉದುರಿಸುತ್ತದೆ. ಅದು ಗೂಡು ಮಾಡುವುದು ಮಣ್ಣಿನ ಬರೆಯಲ್ಲಿ, ಹಳೆಯ ಮಣ್ಣಿನ ಗೋಡೆಯಲ್ಲಿ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದ ಮೇಲೆ ಅದು ಎಲ್ಲಿಗೆ ಹೋಗಬೇಕು? ಒಂದು ತುಂಡು ಬರೆಯನ್ನಾದರೂ ಹಾಗೇ ಬಿಡಿ.

ಹೂ ಬಿಟ್ಟ ಗಿಡಕ್ಕೆ ಕೀಟನಾಶಕ ಹೊಡೆಯಬಾರದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಅದು ನಿಂತದ್ದು 2000ದಲ್ಲಿ. ಈ ಮಾತನ್ನು ಎಣ್ಮಕಜೆ ಕಡೆಯ ಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮನೆಯಲ್ಲಿ ಒಂದು ಪ್ರಯೋಗ ಮಾಡಿ. ಸಂಜೆಯೇ ನಾಳೆ ಅರಳುವ ಮೂರು ಹೆಣ್ಣು ಚೀನಿಕಾಯಿ ಮೊಗ್ಗು ಗುರುತಿಸಿ. ಎರಡಕ್ಕೆ ತೆಳು ಬಟ್ಟೆಯ ಚೀಲ ಕಟ್ಟಿ, ಒಂದನ್ನು ಹಾಗೇ ಬಿಡಿ. ಬೆಳಗ್ಗೆ ಚೀಲ ಕಟ್ಟಿದ್ದರಲ್ಲಿ ಒಂದನ್ನು ಬಿಚ್ಚಿ, ಗಂಡು ಹೂವಿನ ಕೇಸರವನ್ನು ಅದರ ನಡುವಿಗೆ ಮೆಲ್ಲಗೆ ಒರಸಿ, ಮತ್ತೆ ಕಟ್ಟಿ. ಮೂರೂ ಕಾಯಿಗಳನ್ನು ಹತ್ತು ದಿನ ನೂಲಿನಿಂದ ಸುತ್ತಳತೆ ತೆಗೆದು ಬರೆಯಿರಿ. ಕೈಯಿಂದ ಒರಸಿದ್ದು ಉಳಿದು, ಹಾಗೇ ಬಿಟ್ಟದ್ದು ಉದುರಿದರೆ ನಿಮ್ಮ ಹಿತ್ತಿಲಿಗೆ ಜೇನು ಬರುವುದು ಸಾಲದು ಅಂತ ಲೆಕ್ಕ.

ಕೊನೆಗೆ ಒಂದು ಗಿಡ ಬಾಕಿ ಉಂಟು, ನರ್ಸರಿಯಲ್ಲಿ ಸಿಗದ್ದು. ಕಂಪೌಂಡಿನ ಬುಡದಲ್ಲಿ ತಾನಾಗಿ ಹುಟ್ಟುವ ತುಂಬೆ. ಓಣಂ ಹೂರಂಗೋಲಿಗೆ ನೀವು ಹುಡುಕಿಕೊಂಡು ಹೋಗುವ ಅದೇ ಬಿಳಿ ಹೂ. ಗುಡ್ಡೆಯ ಬದಿಯ ನಾಚಿಕೆಮುಳ್ಳೂ ಮಳೆಗಾಲದಲ್ಲಿ ಪರಾಗ ಕೊಡುತ್ತದೆ; ಅದನ್ನು ತಂದು ನೆಡಬೇಕಾಗಿಲ್ಲ, ಯಾರೂ ಕಾಲಿಡದ ಕಡೆ ಇದ್ದರೆ ಇರಲಿ. ಜೇನಿಗೆ ಹಸಿವು ಜೋರಿರುವಾಗಲೇ, ಸ್ವಾತಂತ್ರ್ಯ ದಿನಕ್ಕೆಂದು ನಾವು ಶಾಲೆಯ ಸುತ್ತ ಕಾಡು ಸವರಿ ಇವನ್ನೆಲ್ಲ ಬುಡಕ್ಕೆ ಕಡಿಯುತ್ತೇವೆ. ಈ ಸಲ ಮೊದಲೇ ತುಂಬೆ ಇರುವ ಮೂಲೆ ನೋಡಿ, ನಾಲ್ಕು ಕೋಲು ಊರಿ ಹಗ್ಗ ಕಟ್ಟಿಡಿ. ಕತ್ತಿ ಹಿಡಿದು ಬಂದವರಿಗೆ ಯಾಕೆ ಅಂತ ಹೇಳುವುದಕ್ಕೆ ಇಬ್ಬರು ಅಲ್ಲೇ ನಿಂತಿರಿ.